ಮಕ್ಕಳ ಬೆಂಚು

ತಲೆ ಮತ್ತೆ ಎಡಕ್ಕೆ ವಾಲಿತು. ಜಸ್ಟೀನಾ ಅದನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಮಾಡಿ, ಕೆನ್ನೆಗೂ ಹಲಗೆಗೂ ನಡುವಿನ ಸಂದಿಯಲ್ಲಿ ಸುತ್ತಿದ ಟವೆಲ್ಲನ್ನು ತುರುಕಿದಳು. ಕೈ ಬಿಟ್ಟಳು. ತಲೆ ಟವೆಲ್ಲನ್ನೂ ಒತ್ತಿಕೊಂಡು ಎಡಕ್ಕೇ ಹೋಯಿತು.

"ಇನ್ನೊಂದು ಟವೆಲ್ ಕೊಡಿ, ರೆಬೆಕ್ಕಾ ಬಾಸೆಲ್."

"ವಾಲ್ಲಿ ಬಿಡೇ. ಮೇಲೆ ಹೋದ್ಮೇಲೆ ದೇವರು ನೆಟ್ಟಗೆ ಮಾಡ್ಕೋತಾನೆ."

"ನಲವತ್ಮೂರು ವರ್ಷ ಪುರುಸೊತ್ತಾಗ್ಲಿಲ್ಲ ಅವನಿಗೆ. ಟವೆಲ್ ಕೊಡಿ."

ರೆಬೆಕ್ಕಾ ಕೊಟ್ಟಳು. ಎಂಬತ್ತರ ಹತ್ತಿರದ ಮುದುಕಿ, ಬಹಳ ವರ್ಷ ಕಾಲನಿಯ ಅಡಿಗೆಮನೆಯ ಯಜಮಾನಿಯಾಗಿದ್ದವಳು. ಸೌಟು ಬೇರೆಯವರ ಕೈಗೆ ಹೋದರೂ ನಾಲಿಗೆ ಅವಳ ಹತ್ತಿರವೇ ಉಳಿದಿತ್ತು. ಇಲ್ಲಿ ವಯಸ್ಸಾದ ಹೆಂಗಸರೆಲ್ಲ ಬಾಸೆಲ್, ಗಂಡಸರೆಲ್ಲ ವೆಟರ್. ಸಂಬಂಧ ಕೆದಕುತ್ತ ಹೋದರೆ ನಾಲ್ಕನೇ ತಲೆಯಲ್ಲಿ ಎಲ್ಲರೂ ಒಂದೇ ಅಜ್ಜನ ಹತ್ತಿರ ಬಂದು ನಿಲ್ಲುತ್ತಾರೆ.

ಪೆಟ್ಟಿಗೆಯಲ್ಲಿದ್ದವಳು ರಾಹೆಲ್. ನ್ಯುಮೋನಿಯಾ ಆಗಿ ಸತ್ತಿದ್ದಳು. ಮಂಡಿ ಪೂರ್ತಿ ನೆಟ್ಟಗಾಗದ ಕಾಲುಗಳಾದ್ದರಿಂದ ಬಡಗಿ ಎಲಿಯಾಸ್ ಪೆಟ್ಟಿಗೆಯನ್ನು ಒಂದು ಗೇಣು ಎತ್ತರ ಮಾಡಿದ್ದ. ಎಲಿಯಾಸ್ ಜಸ್ಟೀನಾಳ ತಮ್ಮ. ಮರದ ಪುಡಿ ಇನ್ನೂ ಅವನ ಗಡ್ಡದಲ್ಲೇ ಇತ್ತು.

ಬಾಗಿಲಲ್ಲಿ ಬೋಧಕ ಪೌಲ್ ನಿಂತಿದ್ದ. ಸತ್ತವಳ ಅಣ್ಣ. "ಮುಗೀತಾ? ಬೇರೆ ಕಾಲನಿಗಳ ವ್ಯಾನುಗಳು ಬರ್ತಿವೆ."

"ಮುಗಿಯುತ್ತೆ. ಅವಳೇನು ಎದ್ದು ಓಡಲ್ಲ."

"ನೀನು ತುಂಬ ಮಾಡಿದೀಯ, ಜಸ್ಟೀನಾ."

"ಮಾಡಬೇಕಲ್ಲ. ಬೀಳಿಸಿದೋಳು ನಾನು."

ಪೌಲ್ ಟೋಪಿಯನ್ನು ಸರಿಮಾಡಿಕೊಂಡು ಹೊರಟುಹೋದ. ಹೊರಗೆ ಮಾರ್ಚಿನ ಗಾಳಿ ಆಲ್ಬರ್ಟಾದ ಬಯಲಿನ ಮೇಲೆ ಕೊಳಕು ಹಿಮವನ್ನು ಗುಡಿಸುತ್ತಿತ್ತು. ಹಟರೈಟ್ ಎಂಬ ಕ್ರೈಸ್ತ ಪಂಗಡದ ಈ ಕಾಲನಿಯಲ್ಲಿ ನೂರ ಮೂವತ್ತು ಜನ. ಒಂದು ಅಡಿಗೆಮನೆ, ಒಂದು ಪ್ರಾರ್ಥನಾಮನೆ. ಹೊಲ, ದನ, ಟ್ರ್ಯಾಕ್ಟರು ಎಲ್ಲವೂ ಎಲ್ಲರದು, ಯಾರಿಗೂ ಸ್ವಂತದ್ದೆಂಬುದು ಇಲ್ಲ. ಜಸ್ಟೀನಾಳಿಗೆ ಮಾತ್ರ ಸ್ವಂತದ್ದೊಂದು ಪಾಪವಿತ್ತು.

*

ಆಗ ಅವಳಿಗೆ ಹತ್ತು ವರ್ಷ. ಮನೆಗೊಂದು ಕೂಸು ಬಂದರೆ ಅದನ್ನು ಎತ್ತಿಕೊಳ್ಳಲು ಕಾಲನಿ ಒಬ್ಬ ಹುಡುಗಿಯನ್ನು ಗೊತ್ತುಮಾಡುತ್ತದೆ. ತಾಯಂದಿರಿಗೆ ತೋಟ, ಅಡಿಗೆಮನೆ, ಬಟ್ಟೆ ಒಗೆಯುವ ಸರದಿ ಇರುತ್ತದೆ. ಕತರೀನಾ ಬಾಸೆಲ್‌ಳ ಕೊನೆಯ ಕೂಸು ರಾಹೆಲ್‌ಗೆ ಜಸ್ಟೀನಾಳನ್ನು ಗೊತ್ತುಮಾಡಿದ್ದರು.

ಬೇಸಿಗೆಯ ಒಂದು ಮಧ್ಯಾಹ್ನ ಹೆಂಗಸರೆಲ್ಲ ಅಡಿಗೆಮನೆಯ ಜಗಲಿಯಲ್ಲಿ ಬಟಾಣಿ ಸುಲಿಯುತ್ತಿದ್ದರು. ಏಳು ತಿಂಗಳ ಕೂಸನ್ನು ಬೆಂಚಿನ ಮೇಲೆ ಒರಗಿಸಿ, ಜಸ್ಟೀನಾ ಉರುಳಿಹೋದ ಬಟಾಣಿ ಹೆಕ್ಕಲು ಬಗ್ಗಿದಳು. ಬೇರೆ ಕೂಸುಗಳು ಆ ವಯಸ್ಸಿಗೆ ಕೂರುತ್ತಿದ್ದವು. ಇದು ಒದ್ದೆ ಬಟ್ಟೆಯ ಹಾಗೆ ಜಾರಿ ನೆಲಕ್ಕೆ ಬಿತ್ತು. ಹಣೆಯ ಮೇಲೆ ಗೋಲಿಯಷ್ಟು ಬುಗುಟು. ಅತ್ತಿತು, ಹಾಲು ಕುಡಿಯಿತು, ಮಲಗಿತು. ಅಷ್ಟೇ.

ವರ್ಷ ಕಳೆದರೂ ರಾಹೆಲ್ ಕೂರಲಿಲ್ಲ. ಎರಡು ವರ್ಷಕ್ಕೆ ತೆವಳಲಿಲ್ಲ, ಮಾತಾಡಲಿಲ್ಲ. ಆಗ ಯಾರೋ ಅಂದರು, ಅವತ್ತು ಬೆಂಚಿಂದ ಬಿದ್ದದ್ದಲ್ಲವಾ. ಯಾರು ಮೊದಲು ಅಂದರೋ ಗೊತ್ತಿಲ್ಲ. ಕಾಲನಿಯಲ್ಲಿ ಮಾತಿಗೂ ಒಡೆಯರಿಲ್ಲ, ಒಬ್ಬರು ಆಡಿದ್ದು ಸಂಜೆಯ ಹೊತ್ತಿಗೆ ಎಲ್ಲರದೂ ಆಗಿರುತ್ತದೆ. ರೆಬೆಕ್ಕಾ ಒಬ್ಬಳೇ ಜಗಳಕ್ಕೆ ನಿಂತಳು. "ಬೀಳೋಕ್ಕೆ ಮುಂಚೆನೂ ಅದು ಹಿಟ್ಟಿನ ಮುದ್ದೆ ಹಂಗೇ ಇತ್ತು. ಬೆಂಚಿಂದ ಬಿದ್ದೋರೆಲ್ಲ ಹಿಂಗಾಗಿದ್ರೆ ಈ ಕಾಲನೀಲಿ ನಡೆಯೋರೇ ಇರ್ತಿರ್ಲಿಲ್ಲ." ರೆಬೆಕ್ಕಾ ಎಲ್ಲದಕ್ಕೂ ಎದುರಾಡುವವಳೆಂದು ಹೆಸರಾಗಿದ್ದಳು. ಯಾರೂ ಕೇಳಲಿಲ್ಲ.

ಬೇರೆ ಹುಡುಗಿಯರ ಸರದಿ ಎರಡು ವರ್ಷಕ್ಕೆ ಮುಗಿಯುತ್ತದೆ. ಜಸ್ಟೀನಾಳದು ಮುಗಿಯಲಿಲ್ಲ.

*

ಊರಿಂದ ಲೊರೇನ್ ಬಂದಿದ್ದಳು. ಆಸ್ಪತ್ರೆಯಲ್ಲಿ ನರ್ಸಾಗಿದ್ದು ಈಗ ನಿವೃತ್ತಳಾದವಳು. ಕಾಲನಿಯ ರೀತಿಗೆ ತಕ್ಕಂತೆ ಉದ್ದ ಲಂಗ ತೊಟ್ಟಿದ್ದಳು, ತಲೆಗೊಂದು ಸ್ಕಾರ್ಫ್ ಕಟ್ಟಿದ್ದಳು. ಪ್ರಾರ್ಥನೆಗೆ ಇನ್ನೂ ಹೊತ್ತಿತ್ತು. ರೆಬೆಕ್ಕಾ ಅವಳನ್ನು ಅಡಿಗೆಮನೆಗೆ ಎಳೆದುಕೊಂಡು ಬಂದು ಕಾಫಿ, ಬನ್ನು, ಗಿಣ್ಣು ಮುಂದಿಟ್ಟಳು. ಜಸ್ಟೀನಾ ಎದುರಿಗೆ ನಿಂತೇ ಕುಡಿಯುತ್ತಿದ್ದಳು. ಕೂತು ಕುಡಿದು ಅಭ್ಯಾಸವಿರಲಿಲ್ಲ.

"ನಿಮ್ಮಷ್ಟು ಚೆನ್ನಾಗಿ ಯಾವ ಆಸ್ಪತ್ರೆನೂ ನೋಡ್ಕೋತಿರ್ಲಿಲ್ಲ," ಅಂದಳು ಲೊರೇನ್. "ಈ ಥರದವರು ನಡೆಯೋದೇ ಕಷ್ಟ. ಅವಳನ್ನ ನಡೆಸಿದ್ರಿ."

"ಒಂಬತ್ತು ವರ್ಷಕ್ಕೆ. ಅದೂ ಬಾತುಕೋಳಿ ಥರ, ನನ್ನ ತೋಳು ಹಿಡ್ಕೊಂಡು." ಜಸ್ಟೀನಾ ಲೋಟ ಇಟ್ಟಳು. "ಬೀಳಿಸಿದೋಳೇ ಎತ್ತಬೇಕಲ್ಲ."

"ಯಾರನ್ನ ಬೀಳಿಸಿದ್ರಿ?"

"ಅವಳನ್ನೇ. ಕೂಸಿದ್ದಾಗ. ಬೆಂಚಿಂದ. ಅದಕ್ಕೇ ತಾನೆ ಮಿದುಳು ಹಂಗಾಗಿದ್ದು."

ಲೊರೇನ್ ಬನ್ನನ್ನು ತಟ್ಟೆಗೆ ವಾಪಸ್ಸು ಹಾಕಿದಳು. "ಬಿದ್ದದ್ದಕ್ಕೂ ಅದಕ್ಕೂ ಏನು ಸಂಬಂಧ? ಯಾರು ಹೇಳಿದ್ದು?"

"ಎಲ್ರೂ."

"ನಾವು ರಕ್ತ ತಗೊಂಡು ಹೋಗಿದ್ವಲ್ಲ, ರಾಹೆಲ್‌ದು, ಅವರಮ್ಮಂದು, ಅಪ್ಪಂದು. ಗೊತ್ತಾದಾಗ ನಾನೇ ಬಂದು ಹೇಳಿದ್ದೆ. ಕತರೀನಾ ಮನೇಲಿ ಕೂತು. ಪೌಲ್ ಪಕ್ಕದಲ್ಲಿ ಕೂತು ಅವರಮ್ಮನಿಗೆ ಜರ್ಮನ್‌ನಲ್ಲಿ ಬಿಡಿಸಿ ಹೇಳ್ತಿದ್ರು. ನೀವು..." ಅವಳು ನಿಂತಳು. "ನೀವು ರಾಹೆಲ್‌ನ ಕರ್ಕೊಂಡು ಹೊರಗೆ ಹೋಗಿದ್ರಿ."

"ಹೋಗು ಅಂದಿದ್ರು."

"ಹದಿಮೂರು ವರ್ಷ ಆಯ್ತು ಕಣ್ರೀ. ಹೇಳಿರ್ತಾರೆ ಅಂತ..."

"ಏನು ಹೇಳಿದ್ರಿ ಅವರಿಗೆ? ನಂಗೂ ಹೇಳಿ."

ಲೊರೇನ್ ರೆಬೆಕ್ಕಾಳ ಕಡೆ ನೋಡಿದಳು. ರೆಬೆಕ್ಕಾ ಅಡಿಗೆಮನೆಯ ಬಾಗಿಲು ಹಾಕಿ ಅದಕ್ಕೇ ಬೆನ್ನು ಕೊಟ್ಟು ನಿಂತಳು. "ಹೇಳಮ್ಮ. ಕಾಫಿ ಆರಿದ್ರೆ ಬೇರೆ ಕೊಡ್ತೀನಿ."

"ಮಿದುಳಲ್ಲಿ ನರಕೋಶಗಳು ಹುಟ್ಟೋದು ಒಂದು ಕಡೆ, ನೆಲೆ ನಿಲ್ಲೋದು ಇನ್ನೊಂದು ಕಡೆ," ಅಂದಳು ಲೊರೇನ್. "ಆಳದಲ್ಲಿ ಹುಟ್ತವೆ. ಅಲ್ಲಿಂದ ಹೊರಗಡೆಗೆ ಹತ್ಕೊಂಡು ಹೋಗ್ತವೆ, ಒಂದೊಂದಾಗಿ. ಅವತ್ತು ಅವರಿಗೆ ನಿಮ್ಮ ಪ್ರಾರ್ಥನಾಮನೆ ಕತೇನೇ ಹೇಳಿದ್ದೆ. ಬಾಗಿಲು ಹಿಂದೆ ಅಲ್ವಾ? ವಯಸ್ಸಾದವರು ಹಿಂದಿನ ಬೆಂಚಲ್ಲೇ ಕೂರ್ತೀರಿ. ಅವರಿಗಿಂತ ಚಿಕ್ಕವರು ಅವರನ್ನ ದಾಟಿ ಮುಂದೆ. ಮಕ್ಕಳು ಎಲ್ಲರನ್ನೂ ದಾಟಿ ಎಲ್ಲರಿಗಿಂತ ಮುಂದೆ. ಕೋಶಗಳೂ ಹಂಗೇ. ಮೊದಲು ಹುಟ್ಟಿದವು ಒಳಗೆ ಉಳೀತವೆ, ಆಮೇಲೆ ಹುಟ್ಟಿದವು ಅವನ್ನ ದಾಟ್ಕೊಂಡು ಹೊರಗೆ. ಎಲ್ಲಿ ನಿಲ್ಲಬೇಕು ಅಂತ ಒಂದು ಸುದ್ದಿ ಬರುತ್ತೆ ಅವಕ್ಕೆ. ಸಾಕು, ಇದೇ ನಿನ್ನ ಬೆಂಚು, ಕೂತ್ಕೋ ಅಂತ. ರಾಹೆಲ್‌ಳ ಕೋಶಗಳಿಗೆ ಆ ಸುದ್ದಿ ಕೇಳೋ ಕಿವಿನೇ ಇರಲಿಲ್ಲ. ಕೆಲವು ದಾರೀಲಿ ನಿಂತವು, ಕೆಲವು ಬೇರೆಯವರ ಜಾಗದಲ್ಲಿ ಕೂತವು. ತಲೆ ಹಿಂಭಾಗದ ಚಿಕ್ಕ ಮಿದುಳಂತೂ, ಮೈ ನೆಟ್ಟಗೆ ನಿಲ್ಲಿಸೋದು ಅದೇ, ಸರಿಯಾಗಿ ಬೆಳೀಲೇ ಇಲ್ಲ."

"ಯಾವಾಗ?"

"ಅಂದ್ರೆ?"

"ದಾರಿ ತಪ್ಪಿದ್ದು ಯಾವಾಗ? ನಾನು ಎತ್ಕೊಳ್ಳೋಕೆ ಮುಂಚೆನಾ, ಆಮೇಲಾ?"

"ಹೊಟ್ಟೇಲಿದ್ದಾಗ. ನೀವು ಅವಳ ಮುಖ ನೋಡೋಕ್ಕೆ ಎಷ್ಟೋ ತಿಂಗಳು ಮುಂಚೆ. ಅದು ಅಪ್ಪ ಅಮ್ಮ ಇಬ್ಬರ ರಕ್ತದಿಂದಲೂ ಬರಬೇಕು, ಅರ್ಧ ಅರ್ಧ. ಅವಳನ್ನ ನೀವು ಹತ್ತಿ ಮೇಲೆ ಇಟ್ಟು ಬೆಳೆಸಿದ್ರೂ ಹಂಗೇ ಆಗ್ತಿದ್ಳು."

ರೆಬೆಕ್ಕಾ ಬಾಗಿಲಿಗೆ ಮುಷ್ಟಿಯಿಂದ ಗುದ್ದಿದಳು. "ನಾನು ಬಡ್ಕೊಂಡೆ! ಹಿಟ್ಟಿನ ಮುದ್ದೆ ಅಂತ ಬಡ್ಕೊಂಡೆ! ಕೇಳಿದ್ರಾ?"

"ನಾನು ಇದನ್ನ ಹೇಳಬಾರದಿತ್ತೋ ಏನೋ," ಅಂದಳು ಲೊರೇನ್.

ಜಸ್ಟೀನಾ ಏಪ್ರನ್ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟಳು. "ಬಾಗಿಲು ಬಿಡಿ, ಬಾಸೆಲ್."

*

ದೀಕ್ಷಾಸ್ನಾನಕ್ಕೆ ಮೊದಲು ಪಾಪಗಳನ್ನು ಒಪ್ಪಿಕೊಳ್ಳಬೇಕು. ಇಪ್ಪತ್ತೆರಡರ ಜಸ್ಟೀನಾ ಸಭೆಯ ಮುಂದೆ ಮಂಡಿಯೂರಿದಳು. ಜೊತೆಯ ಹುಡುಗಿಯರು ಸುಳ್ಳು ಹೇಳಿದ್ದು, ಕದ್ದು ರೇಡಿಯೋ ಕೇಳಿದ್ದು ಒಪ್ಪಿಕೊಂಡರು. ಜಸ್ಟೀನಾ ಅಂದಳು: "ರಾಹೆಲ್‌ಳ ಮಿದುಳು ಕೆಡಿಸಿದ್ದು ನಾನು. ನನ್ನ ಎಚ್ಚರಗೇಡಿತನದಿಂದ." ಸಭೆ ನಿಟ್ಟುಸಿರು ಬಿಟ್ಟಿತು. ಕತರೀನಾ ಎಲ್ಲರ ಎದುರಿಗೆ ಅವಳನ್ನು ತಬ್ಬಿಕೊಂಡು ಕ್ಷಮಿಸಿದಳು. ಎಂಥ ದೊಡ್ಡ ಮನಸ್ಸು ಎಂದು ಹೆಂಗಸರು ವರ್ಷಗಟ್ಟಲೆ ಹೇಳಿಕೊಂಡರು.

ದೀಕ್ಷೆಯಾದವರು ಮಕ್ಕಳ ಬೆಂಚು ಬಿಟ್ಟು ದೊಡ್ಡವರ ಸಾಲಿಗೆ ಬರುತ್ತಾರೆ. ಯಾರಿಗಿಂತ ಯಾರು ಎಷ್ಟು ದಿನಕ್ಕೆ ಹಿರಿಯರು ಎಂಬುದು ಎಲ್ಲರಿಗೂ ಬಾಯಿಪಾಠ. ಆ ಭಾನುವಾರ ಜಸ್ಟೀನಾ ಸುಸಾನ್ನಾ ಮತ್ತು ಡೊರೋತೆಯಾರ ನಡುವೆ ಕೂತಳು. ಒಂದೇ ಭಾನುವಾರ. ಮರುದಿನ ಸಂಜೆ ಪ್ರಾರ್ಥನೆಗೆ ಹೊರಟಾಗ ಕತರೀನಾ ಅಂದಳು, "ರಾಹೆಲ್‌ನ ಮುಂದಿನ ಬೆಂಚಲ್ಲಿ ಯಾರು ಹಿಡ್ಕೋತಾರೆ?" ರಾಹೆಲ್‌ಗೆ ದೀಕ್ಷೆಯಾಗುವ ಹಾಗಿರಲಿಲ್ಲ. ಅವಳ ಜಾಗ ಸಾಯುವವರೆಗೂ ಮಕ್ಕಳ ಬೆಂಚು. ಅವಳು ಬೀಳದ ಹಾಗೆ ಎಲಿಯಾಸ್ ಬೆಂಚಿನ ಬೆನ್ನಿಗೆ ಒಂದು ಚರ್ಮದ ಪಟ್ಟಿ ಜಡಿದುಕೊಟ್ಟ. ಪಟ್ಟಿಯ ಪಕ್ಕದಲ್ಲಿ ಜಸ್ಟೀನಾ ಕೂತಳು. ಹಿಂದೆ ಸುಸಾನ್ನಾ ಮತ್ತು ಡೊರೋತೆಯಾ ಹತ್ತಿರ ಸರಿದು ಸಂದಿ ಮುಚ್ಚಿಕೊಂಡರು.

ಸಸ್ಕಾಚೆವಾನಿನ ಒಂದು ಕಾಲನಿಯಿಂದ ಸಕರಿಯಾಸ್ ಎಂಬವನು ಎರಡು ಸಲ ಬಂದು ಕೇಳಿದ. ಮದುವೆಯಾದ ಹೆಣ್ಣು ಗಂಡನ ಕಾಲನಿಗೆ ಹೋಗಬೇಕು. ಜಸ್ಟೀನಾ ಎರಡು ಸಲವೂ ಇಲ್ಲ ಅಂದಳು. ಮೂರನೆಯ ಸಲ ಅವನು ಡೊರೋತೆಯಾಳ ತಂಗಿಯನ್ನು ಕೇಳಿದ. ಅವರಿಗೀಗ ಒಂಬತ್ತು ಮಕ್ಕಳು.

*

ಕತರೀನಾ ತನ್ನ ಮನೆಯ ಕುರ್ಚಿಯಲ್ಲಿ ಕೂತಿದ್ದಳು. ಕಾಲನಿಯ ಹೆಂಗಸರಲ್ಲೆಲ್ಲ ಹಿರಿಯಳು. ಸುತ್ತ ಬೇರೆ ಕಾಲನಿಗಳ ಮುದುಕಿಯರು ಸೂರ್ಯಕಾಂತಿ ಬೀಜ ಕಡಿಯುತ್ತ ಕೂತಿದ್ದರು. ಪೌಲ್ ಕಿಟಕಿಯ ಹತ್ತಿರ ಇವತ್ತಿನ ಉಪದೇಶದ ಹಳೆಯ ಪುಸ್ತಕ ತಿರುವುತ್ತಿದ್ದ.

"ಇವರನ್ನ ಹೊರಗೆ ಕಳಿಸಿ," ಅಂದಳು ಜಸ್ಟೀನಾ.

ಬೀಜ ಕಡಿಯುವ ಸದ್ದು ನಿಂತಿತು. ಪೌಲ್ ಅವಳ ಮುಖ ನೋಡಿದವನೇ ಮುದುಕಿಯರಿಗೆ, "ಊಟದ ಮನೇಲಿ ಕಾಫಿ ಬಿಸಿ ಇದೆ," ಅಂದ. ಅವರು ಒಬ್ಬೊಬ್ಬರಾಗಿ ಎದ್ದರು. ಕೊನೆಯವಳು ಬಾಗಿಲನ್ನು ಅರ್ಧ ತೆರೆದೇ ಬಿಟ್ಟಳು. ಜಸ್ಟೀನಾ ಒದ್ದು ಮುಚ್ಚಿದಳು.

"ಹದಿಮೂರು ವರ್ಷ," ಅಂದಳು.

ಪೌಲ್ ಪುಸ್ತಕ ಮುಚ್ಚಿದ. ಏನು, ಯಾಕೆ ಎಂದು ಕೇಳಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

"ಗೊತ್ತಿಲ್ಲ ಅಂತಾದ್ರೂ ಒಂದು ಸಲ ನಾಟಕ ಆಡೋ, ಪೌಲ್!"

"ಕೂತ್ಕೋ, ಜಸ್ಟಿ."

"ಕೂರಲ್ಲ."

"ಪೌಲನ ಹೆಣ್ಮಕ್ಕಳು ಮದುವೆ ವಯಸ್ಸಿಗೆ ಬಂದಿದ್ರು," ಅಂದಳು ಕತರೀನಾ. ದನಿ ಸಣ್ಣದಿತ್ತು, ಅಳು ಇರಲಿಲ್ಲ. "ನಾಲ್ಕು ಜನ. ರಕ್ತದಲ್ಲಿದೆ ಅಂತ ಗೊತ್ತಾಗಿದ್ರೆ ಯಾವ ಕಾಲನಿಯವರು ಬಂದು ಕೇಳ್ತಿದ್ರು?"

"ನನ್ನನ್ನ ಕೇಳ್ಕೊಂಡು ಬಂದಿದ್ರಲ್ಲ. ನಾನೂ ಯಾರದೋ ಮಗಳೇ."

"ಅದು ಮೊದಲಿನ ಮಾತು. ಆಗ ನಮಗೇ ಗೊತ್ತಿರ್ಲಿಲ್ಲ."

"ಸರಿ. ಗೊತ್ತಾದ ಮೇಲೆ? ಪ್ರತಿ ಈಸ್ಟರ್‌ಗೂ ಪಾಪ ನೆನೆಸ್ಕೊಳ್ಳಿ ಅಂತ ನೀನೇ ಅಲ್ವೇನೋ ಅಲ್ಲಿ ನಿಂತು ಓದ್ತಿದ್ದದ್ದು? ನಾನು ಮುಂದಿನ ಬೆಂಚಲ್ಲಿ ಕೂತು ನೆನೆಸ್ಕೋತಿದ್ದೆ. ಎರಡು ಮಾರು ದೂರ. ನನ್ನ ಮುಖ ಕಾಣ್ತಿತ್ತಲ್ಲ ನಿಂಗೆ?"

ಪೌಲ್ ಗಡ್ಡ ಸವರಿದ. "ತಪ್ಪಾಯ್ತು ಅಂತಲೇ ಇಟ್ಕೋ. ಈಗ ಕ್ಷಮಿಸೋದು ನಮ್ಮ ಧರ್ಮ."

"ಕ್ಷಮೆ ಕೊಡ್ತೀನಿ. ಮೊದಲು ಯಾರಾದ್ರೂ ಕೇಳ್ಲಿ. ನನಗೆ ಎಲ್ಲರ ಎದುರಿಗೆ ಕ್ಷಮೆ ಕೊಟ್ರಲ್ಲ, ಹಂಗೇ ಎಲ್ಲರ ಎದುರಿಗೆ ಕೇಳಿ. ಅವಳನ್ನ ಮಣ್ಣಿಗೆ ಹಾಕೋ ಮುಂಚೆ ಒಂದು ಮಾತು ಹೇಳು. ಜಸ್ಟೀನಾ ಮಾಡಿದ್ದಲ್ಲ ಅಂತ. ಅಷ್ಟೇ. ರಕ್ತದ ವಿಷಯ ಎತ್ತಲೇಬೇಡ."

"ಉಪದೇಶಕ್ಕೆ ನಾನು ಒಂದಕ್ಷರ ಸೇರಿಸೋ ಹಾಗಿಲ್ಲ. ಹಿರಿಯರು ಬರೆದಿಟ್ಟದ್ದನ್ನ ಓದ್ಬೇಕು. ನಾಲ್ಕು ನೂರು ವರ್ಷದಿಂದ ಹಾಗೇ."

"ಉಪದೇಶ ಮುಗಿದ ಮೇಲೆ ಹೇಳು."

"ಆಮೇಲೆ ಗಂಡಸರ ಸಭೇಲಿ ಇಡ್ತೀನಿ. ನೋಡೋಣ."

ಗಂಡಸರ ಸಭೆಯ 'ನೋಡೋಣ' ಅವಳಿಗೆ ಗೊತ್ತಿತ್ತು. ಅಡಿಗೆಮನೆಯ ಸೋರುವ ಛಾವಣಿಯನ್ನು ಅವರು ಆರು ವರ್ಷ ನೋಡಿದ್ದರು.

"ಒಂದು ಕೇಳ್ತೀನಿ, ಕತರೀನಾ ಬಾಸೆಲ್," ಅಂದಳು. "ಹುಡುಗೀರ ಮದುವೆ ಎಲ್ಲ ಮುಗಿದು ಎಷ್ಟು ವರ್ಷ ಆಯ್ತು?"

ಕತರೀನಾ ಪೌಲನ ಕಡೆ ನೋಡಿದಳು.

"ಕೊನೇದು ಮುಗಿದು ಏಳು ವರ್ಷ. ಆಮೇಲೂ ಯಾಕೆ ಹೇಳ್ಲಿಲ್ಲ?"

ಮುದುಕಿ ಕೈಯಲ್ಲಿದ್ದ ಕರವಸ್ತ್ರವನ್ನು ಮಂಡಿಯ ಮೇಲೆ ಹರಡಿ ನೇವರಿಸಿದಳು. "ಗೊತ್ತಾಗಿದ್ರೆ ನೀನು ಅವಳನ್ನ ಬಿಟ್ಟುಬಿಡ್ತಿದ್ದೆ. ನನ್ನ ಕೈಲಿ ಎತ್ತೋಕೆ ಆಗ್ತಿತ್ತಾ?"

ಗಾಳಿ ಕಿಟಕಿಯ ಗಾಜನ್ನು ಅಲುಗಿಸುತ್ತಿತ್ತು. ಜಸ್ಟೀನಾ ಬಾಗಿಲಿನ ಹಿಡಿಗೆ ಕೈಯಿಟ್ಟಳು.

"ಒಂದು ಸಲ ಕೇಳಿ ನೋಡಬೇಕಿತ್ತು," ಅಂದಳು.

*

ಊಟದ ಮನೆಯ ಮೇಜುಗಳನ್ನು ತೆಗೆದು ಪೆಟ್ಟಿಗೆಯನ್ನು ನಡುವೆ ಇಟ್ಟಿದ್ದರು. ನಾನೂರು ಜನ ಸೇರಿದ್ದರು. ಪೌಲ್ ಹಾಡಿನ ಎರಡೆರಡು ಸಾಲು ಹೇಳಿಕೊಟ್ಟ, ಜನ ಎಳೆದೆಳೆದು ಹಾಡಿದರು. ಉಪದೇಶ ಓದಿದ. ಅದರಲ್ಲಿ ಹುಲ್ಲಿನ ಹೂವಿತ್ತು, ಕಳ್ಳನಂತೆ ಬರುವ ಸಾವಿತ್ತು. ರಾಹೆಲ್ ಇರಲಿಲ್ಲ. ಯಾರ ಉಪದೇಶದಲ್ಲೂ ಸತ್ತವರು ಇರುವುದಿಲ್ಲ. ಊಟವಾದ ಮೇಲೆ ನೂರ ಮೂವತ್ತು ಚಮಚಗಳನ್ನು ಒಂದೊಂದಾಗಿ ಒರೆಸಿ, ಒಂದೇ ಕಡೆ ಮುಖ ಮಾಡಿ ಜೋಡಿಸುತ್ತಿದ್ದವಳು, ಯಾರಾದರೂ ಒಂದನ್ನು ತಿರುಗಿಸಿಟ್ಟರೆ ಊಳಿಡುತ್ತಿದ್ದವಳು, ಜಸ್ಟೀನಾಳನ್ನು 'ಟೀ' ಎಂದು ಕರೆಯುತ್ತಿದ್ದವಳು, ಬೋಧಕನಾಗಿ ಮೊದಲ ಸಲ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದ ಅಣ್ಣನ ಹೆಬ್ಬೆರಳು ಕಚ್ಚಿದವಳು, ಆ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಓದು ಮುಗಿಯಿತು. ಜನ ಸಾಲಾಗಿ ಬಂದು ಮುಖ ನೋಡಿ ಹೋದರು. ಕೊನೆಗೆ ಎಲಿಯಾಸ್ ಮುಚ್ಚಳ ಎತ್ತಿಕೊಂಡ, ತುಟಿಗಳ ನಡುವೆ ಸ್ಕ್ರೂಗಳು. ಜಸ್ಟೀನಾ ಪೆಟ್ಟಿಗೆಯ ಅಂಚಿನ ಮೇಲೆ ಕೈಯಿಟ್ಟು ನಿಂತಳು. ಪೌಲನನ್ನು ನೋಡಿದಳು.

ಪೌಲ್ ತನ್ನ ಬೂಟು ನೋಡಿಕೊಂಡ.

ಹಿಂದೆ ಮಕ್ಕಳು ಕೆಮ್ಮಿದರು. ಎಲ್ಲಿಯೋ ಒಂದು ಬೆಂಚು ಕಿರುಗುಟ್ಟಿತು. ಜಸ್ಟೀನಾ ಕೈ ತೆಗೆಯಲಿಲ್ಲ.

"ಕೈ ತೆಗಿ, ಅಕ್ಕ," ಅಂದ ಎಲಿಯಾಸ್, ಸ್ಕ್ರೂಗಳ ಸಂದಿಯಿಂದ. "ಭಾರ ಇದೆ ಕಣೇ."

ಒಳಗೆ ತಲೆ ಮತ್ತೆ ಎಡಕ್ಕೆ ವಾಲಿತ್ತು. ಈ ಸಲ ಅವಳು ಅದನ್ನು ನೆಟ್ಟಗೆ ಮಾಡಲಿಲ್ಲ. ಎರಡೂ ಟವೆಲ್ಲುಗಳನ್ನು ಎಳೆದುಕೊಂಡು ಕಂಕುಳಲ್ಲಿ ಇಟ್ಟುಕೊಂಡಳು. ಆರಾಮಾಗಿ ವಾಲಿಕೊಳ್ಳಲಿ. ಕೈ ತೆಗೆದಳು. ಮುಚ್ಚಳ ಕೂತಿತು.

*

ಮಣ್ಣು ಮಾಡಿ ಬಂದವರು ನೂಡಲ್ ಸೂಪು, ಹಂದಿ ಮಾಂಸ, ಉಪ್ಪಿನಕಾಯಿ ಸೌತೆ ಉಂಡರು. ಚಮಚಗಳು ಒದ್ದೆಯಾಗಿದ್ದವು, ಒಂದೊಂದು ಒಂದೊಂದು ದಿಕ್ಕಿಗೆ ಬಿದ್ದಿದ್ದವು. ರೆಬೆಕ್ಕಾ ಒಂದನ್ನು ಎತ್ತಿ ನೀರು ಕೊಡವಿ, "ನೋಡ್ರೇ," ಅಂದಳು. "ಇವತ್ತು ಅವಳಿದ್ದಿದ್ರೆ ಇದನ್ನ ನೋಡಿ ಇನ್ನೊಂದು ಸಲ ಸಾಯ್ತಿದ್ಳು."

ಅಲ್ಲಿಂದ ಶುರುಮಾಡಿದವಳು ನಿಲ್ಲಿಸಲಿಲ್ಲ. ಪಾತ್ರೆ ತೊಳೆಯುವವರಿಗೆ ಹೇಳಿದಳು, ಬನ್ನು ಕಟ್ಟಿಕೊಡುವವರಿಗೆ ಹೇಳಿದಳು. "ಹೊಟ್ಟೇಲೇ ಕಣ್ರೇ! ನಾವೆಲ್ಲ ಬಟಾಣಿ ಸುಲಿಯೋಕೆ ಕೂರೋ ಎಷ್ಟೋ ಮುಂಚೆ! ಆ ಹುಡುಗಿ ಮಂಡಿ ಊರಿ ಅತ್ಳಲ್ಲ, ನೀವೆಲ್ಲ ಮೂಗು ಒರೆಸ್ಕೊಂಡ್ರಲ್ಲ, ಅದೆಲ್ಲ ಸುಳ್ಳು ಪಾಪಕ್ಕೆ! ಮನೇಲಿ ಕೂತು ತಾಯಿ ಮಗ ಇಬ್ಬರೂ ತಿಳ್ಕೊಂಡಿದ್ರು!"

"ಮೆಲ್ಲಗೆ, ಬಾಸೆಲ್. ಕೇಳಿಸುತ್ತೆ," ಅಂದಳು ಸುಸಾನ್ನಾ.

"ಕೇಳಿಸ್ಲಿ ಅಂತಾನೇ ಕಿರುಚ್ತಿರೋದು, ಪೆದ್ದಿ!"

ಸುಸಾನ್ನಾ ಕೈಯಲ್ಲಿದ್ದ ಪಾತ್ರೆಯನ್ನು ನೀರಿನಲ್ಲಿ ಬಿಟ್ಟು, ಮೂಲೆಯಲ್ಲಿ ಚಮಚ ಒರೆಸುತ್ತಿದ್ದ ಜಸ್ಟೀನಾಳ ಕಡೆ ತಿರುಗಿದಳು. ಪಕ್ಕಕ್ಕೆ ಬಂದು ತಾನೂ ಒಂದು ಬಟ್ಟೆ ತೆಗೆದುಕೊಂಡಳು.

"ಮುಖ ಈ ಕಡೆ," ಅಂದಳು ಜಸ್ಟೀನಾ.

"ಏನು?"

"ಚಮಚದ ಮುಖ. ಎ‌ಲ್ಲ ಒಂದೇ ಕಡೆ."

*

ವ್ಯಾನುಗಳು ಹೋದವು. ಬೆಳಕಿರುವಾಗಲೇ ಸಂಜೆಯ ಪ್ರಾರ್ಥನೆಗೆ ಗಂಟೆಯಾಯಿತು. ಸಾವಿರಲಿ, ಮದುವೆಯಿರಲಿ, ಸಂಜೆಯ ಪ್ರಾರ್ಥನೆ ತಪ್ಪುವುದಿಲ್ಲ.

ಹೆಂಗಸರ ಬದಿ ಕಿಕ್ಕಿರಿದಿತ್ತು. ಮುಂದಿನ ವರ್ಷ ಕಾಲನಿ ಎರಡಾಗಿ ಅರ್ಧ ಜನ ಹೊಸ ಜಾಗಕ್ಕೆ ಹೋಗಬೇಕು, ಅಲ್ಲಿಯವರೆಗೆ ಮೊಣಕೈಗೆ ಮೊಣಕೈ ತಾಗಿಸಿಯೇ ಕೂರಬೇಕು. ಎಲ್ಲರೂ ಕೂತಿದ್ದರು. ಮಕ್ಕಳ ಬೆಂಚಿನಲ್ಲಿ ಮಾತ್ರ ಇಬ್ಬರ ಜಾಗ ಖಾಲಿ. ಪೌಲ್ ಎದುರಿಗೆ ಹಾಡಿನ ಪುಸ್ತಕ ತೆರೆದು ಕಾಯುತ್ತಿದ್ದ. ಕೊನೆಯವರು ಕೂರುವವರೆಗೆ ಮೊದಲ ಸಾಲು ಹೇಳುವಂತಿಲ್ಲ.

ಜಸ್ಟೀನಾ ಹಿಂದಿನ ಬಾಗಿಲಿಂದ ಬಂದಳು. ಕತರೀನಾಳನ್ನು ದಾಟಿದಳು, ರೆಬೆಕ್ಕಾಳನ್ನು ದಾಟಿದಳು. ಮುಂದೆ, ಮುಂದೆ ನಡೆದಳು. ಎಲ್ಲರೂ ಅವಳು ಮಕ್ಕಳ ಬೆಂಚಿನವರೆಗೆ ಹೋಗುತ್ತಾಳೆಂದುಕೊಂಡರು. ನಡುವಿನ ಬೆಂಚಿನ ಹತ್ತಿರ ನಿಂತಳು. ಸುಸಾನ್ನಾ ಮತ್ತು ಡೊರೋತೆಯಾ ತೋಳಿಗೆ ತೋಳು ಒತ್ತಿ ಕೂತಿದ್ದರು.

"ಸರೀರಿ," ಅಂದಳು.

ಪ್ರಾರ್ಥನಾಮನೆಯಲ್ಲಿ ಹೆಂಗಸು ಮಾತಾಡುವುದಿಲ್ಲ. ಗಂಡಸರ ಬದಿಯಲ್ಲಿ ಗಡ್ಡಗಳು ತಿರುಗಿದವು. ಡೊರೋತೆಯಾ ನೆಲ ನೋಡಿದಳು. ಅದು ಜಸ್ಟೀನಾಳ ಜಾಗವಲ್ಲ ಎಂದು ಹೇಳುವ ಹಾಗಿರಲಿಲ್ಲ. ಯಾರು ಯಾವಾಗ ಹುಟ್ಟಿದರೆಂದು ಎಲ್ಲರಿಗೂ ಗೊತ್ತಿತ್ತು.

ಸುಸಾನ್ನಾ ಸರಿದಳು.

ಅವಳ ಆಚೆಯವಳು ಸರಿದಳು. ಅದರಾಚೆಯವಳೂ ಸರಿದಳು. ಸಾಲಿನ ತುದಿಯಲ್ಲಿದ್ದವಳಿಗೆ ಜಾಗ ಸಾಲಲಿಲ್ಲ. ಅವಳು ಎದ್ದು, ಲಂಗ ಸರಿಮಾಡಿಕೊಂಡು, ಹಿಂದಿನ ಬೆಂಚಿಗೆ ಹೋಗಿ ನಿಂತಳು. ಆ ಬೆಂಚೂ ಸರಿಯಿತು. ಅಲ್ಲಿಂದ ಒಬ್ಬಳು ಎದ್ದಳು. ಬೆಂಚುಗಳು ಕಿರುಗುಟ್ಟಿದವು, ಲಂಗಗಳು ಸರಭರ ಎಂದವು, ಚುಕ್ಕಿ ಚುಕ್ಕಿಯ ಕಪ್ಪು ತಲೆವಸ್ತ್ರಗಳು ಒಂದೊಂದೇ ಜಾಗ ಹಿಂದಕ್ಕೆ ಸರಿಯುತ್ತ ಹೋದವು. ಸರಿದಾಟ ಕೊನೆಯ ಬೆಂಚಿನ ತನಕ ಬಂತು. ರೆಬೆಕ್ಕಾಳ ಪಕ್ಕದಲ್ಲಿ ಒಬ್ಬಳು ಬಂದು ಕೂತಳು. ರೆಬೆಕ್ಕಾ ತನ್ನ ಅಗಲವಾದ ಸೊಂಟವನ್ನು ಎತ್ತಿ, ಆಚೆ ತುದಿಯಲ್ಲಿದ್ದ ಕತರೀನಾಳ ಕಡೆಗೆ ದೊಪ್ಪನೆ ಹಾಕಿದಳು.

ಕತರೀನಾ ಎದ್ದು ನಿಂತಳು. ಅವಳ ಹಿಂದೆ ಬೆಂಚಿರಲಿಲ್ಲ, ಗೋಡೆಯಿತ್ತು.

ಪೌಲ್ ತಾಯಿಯನ್ನು ನೋಡಿದ. ಜಸ್ಟೀನಾಳನ್ನು ನೋಡಿದ. ಅವಳು ಮಡಿಲಲ್ಲಿ ಕೈ ಕಟ್ಟಿಕೊಂಡು, ಇಬ್ಬರ ನಡುವೆ ಬಿಗಿಯಾಗಿ ಕೂತು, ಅವನು ಹೇಳುವುದನ್ನು ಕಾಯುತ್ತಿದ್ದಳು. ಅವನ ಹೆಬ್ಬೆರಳು ಪುಸ್ತಕದ ಪುಟದ ಮೇಲೆ ಅಲ್ಲಾಡದೆ ಇತ್ತು.

ಮಕ್ಕಳು ತಿರುಗಿ ಅಜ್ಜಿಯನ್ನು ನೋಡುತ್ತಿದ್ದರು. ಇಡೀ ಮನೆಯಲ್ಲಿ ಖಾಲಿಯಿದ್ದದ್ದು ಅವರ ಬೆಂಚೊಂದೇ. ಅದರ ಬೆನ್ನಿನಿಂದ ಚರ್ಮದ ಪಟ್ಟಿ ನೇತಾಡುತ್ತಿತ್ತು, ಬಕಲ್ ತೆರೆದೇ ಇತ್ತು.